ಎರವಲು ತೋಳಿನ ಬಲ

ನವೆಂಬರ್ ತಿಂಗಳು ಕಾಲಿಟ್ಟಿತೆಂದರೆ ಜಪಾನಿನ ಬೇಸ್‌ಬಾಲ್ ಮೈದಾನಗಳು ಬರಿದಾಗುತ್ತವೆ. ಆಟ ನಿಂತರೂ ಆಟದ ಮಾತು ಮಾತ್ರ ನಿಲ್ಲುವುದಿಲ್ಲ. ಒಸಾಕಾದ ಸಣ್ಣ ಸಣ್ಣ ಉಪಾಹಾರಗೃಹಗಳಲ್ಲಿ, ಟೋಕಿಯೋದ ಸಂಜೆಯ ರೈಲುಗಳಲ್ಲಿ, ಕಚೇರಿಗಳ ಚಹದ ವಿರಾಮದಲ್ಲಿ ಅಭಿಮಾನಿಗಳು ಕಲೆತರೆ ಒಂದೇ ಚರ್ಚೆ: ಬರುವ ವರ್ಷ ನಮ್ಮ ತಂಡಕ್ಕೆ ಯಾವ ‘ಸುಕೆತ್ತೊ’ ಬರುತ್ತಾನೆ? ಅಮೆರಿಕದವನೋ, ಕ್ಯೂಬಾದವನೋ? ಚೆಂಡನ್ನು ಎಸೆಯುವವನೋ, ಬಾರಿಸುವವನೋ? ಕ್ರೀಡೆಗೆಂದೇ ಮೀಸಲಾದ ದಿನಪತ್ರಿಕೆಗಳು ಅಲ್ಲಿ ಹಲವು ಇರುವುದರಿಂದ, ದಿನಕ್ಕೊಂದು ಹೆಸರು ಗಾಳಿಯಲ್ಲಿ ತೇಲಿಬರುತ್ತದೆ. ಮರುದಿನ ಇನ್ನೊಂದು ಹೆಸರು ಅದನ್ನು ಅಳಿಸಿಹಾಕುತ್ತದೆ.

ಸುಕೆತ್ತೊ ಎಂದರೆ ನೆರವಿಗೆ ಬಂದವನು ಎಂದರ್ಥ. ಹಿಂದಿನ ಕಾಲದಲ್ಲಿ ಒಬ್ಬನ ಹಗೆತನದಲ್ಲಿ ಇನ್ನೊಬ್ಬನು ಅವನ ಪರವಾಗಿ ಕತ್ತಿ ಹಿರಿದು ನಿಂತರೆ ಅಂಥವನಿಗೆ ಈ ಹೆಸರು ಸಲ್ಲುತ್ತಿತ್ತು. ಇಂದು ವೃತ್ತಿಪರ ತಂಡಗಳು ಹಣ ಕೊಟ್ಟು ಹೊರನಾಡುಗಳಿಂದ ಕರೆತರುವ ಆಟಗಾರನಿಗೆ ಅದೇ ಹೆಸರು ನಿಂತುಬಿಟ್ಟಿದೆ. ಆ ಹೆಸರಿನಲ್ಲಿ ಗೌರವವೂ ಇದೆ, ಒಂದು ಎಚ್ಚರಿಕೆಯೂ ಇದೆ. ಕಾಳಗ ಮುಗಿದ ಮೇಲೆ ನೆರವಿಗೆ ಬಂದವನು ತನ್ನ ದಾರಿ ಹಿಡಿಯಬೇಕು. ಮನೆಯ ಯಜಮಾನಿಕೆಯನ್ನು ಕೇಳಬಾರದು.

ಜಪಾನಿನಲ್ಲಿ ವೃತ್ತಿಪರ ತಂಡಗಳು ಹನ್ನೆರಡು; ಸೆಂಟ್ರಲ್ ಲೀಗಿನಲ್ಲಿ ಆರು, ಪೆಸಿಫಿಕ್ ಲೀಗಿನಲ್ಲಿ ಆರು. ಪಂದ್ಯದಲ್ಲಿ ಆಡಿಸಬಹುದಾದ ವಿದೇಶೀಯರ ಸಂಖ್ಯೆಗೆ ಕಟ್ಟುಪಾಡು ಉಂಟು. ಬಹುಕಾಲ ಇಬ್ಬರು ಮೂವರಿಗೆ ಮಾತ್ರ ಅವಕಾಶವಿತ್ತು. ತರುವಾಯ ಅದು ನಾಲ್ವರಿಗೆ ಏರಿತು. ಬೆರಳೆಣಿಕೆಯ ಈ ಸ್ಥಾನಗಳಿಗೆ ತಪ್ಪು ಮನುಷ್ಯನನ್ನು ಆರಿಸಿದರೆ ಹಣವಷ್ಟೇ ಅಲ್ಲ, ಇಡೀ ವರ್ಷವೇ ನೀರಿನಲ್ಲಿ ಹೋಮ. ಆದುದರಿಂದಲೇ ಅಭಿಮಾನಿಗಳ ಚರ್ಚೆಗೆ ಹೆಣ್ಣು ಗಂಡು ನೋಡುವವರ ಚರ್ಚೆಯ ಕಾವು. ಜಾತಕ ತರಿಸುವವರುಂಟು, ಅಂಕಿಗಳನ್ನು ಕೂಡಿಸಿ ಕಳೆಯುವವರುಂಟು, ‘ಆ ಮನೆತನದವರು ನಮಗೆ ಒಗ್ಗುವುದಿಲ್ಲ’ ಎಂದು ತಲೆಯಾಡಿಸುವ ಹಿರಿಯರೂ ಉಂಟು. ಜಾತಕ ಕೂಡಿದ ಮಾತ್ರಕ್ಕೆ ಸಂಸಾರ ಕೂಡುವುದಿಲ್ಲ ಎಂಬುದನ್ನು ತೊಂಬತ್ತು ವರ್ಷಗಳ ಅನುಭವ ಅವರಿಗೆ ಮತ್ತೆ ಮತ್ತೆ ಕಲಿಸಿದೆ.

ನಿರಾಶ್ರಿತರ ಹುಡುಗ

ಬೇಸ್‌ಬಾಲ್ ಜಪಾನಿಗೆ ಬಂದದ್ದೇ ಹೊರನಾಡಿನಿಂದ. ೧೮೭೨ರಲ್ಲಿ ಟೋಕಿಯೋದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಹೊರೇಸ್ ವಿಲ್ಸನ್ ಎಂಬ ಅಮೆರಿಕನ್ ಉಪಾಧ್ಯಾಯನು ತನ್ನ ವಿದ್ಯಾರ್ಥಿಗಳಿಗೆ ಈ ಆಟವನ್ನು ಕಲಿಸಿದನು. ಅರವತ್ತು ವರ್ಷಗಳಲ್ಲಿ ಅದು ನಾಡಿನ ಮನೆಮಾತಾಯಿತು. ೧೯೩೪ರಲ್ಲಿ ಬೇಬ್ ರೂತ್, ಲೂ ಗೆರಿಗ್ ಮೊದಲಾದ ಮಹಾರಥರ ಅಮೆರಿಕನ್ ತಂಡ ಜಪಾನಿನಲ್ಲಿ ಪ್ರವಾಸ ಮಾಡಿದಾಗ, ಹದಿನೇಳು ವರ್ಷದ ಸವಾಮುರಾ ಎಯ್‌ಜಿ ಎಂಬ ಹುಡುಗ ಶಿಜುಓಕಾದ ಮೈದಾನದಲ್ಲಿ ರೂತ್, ಗೆರಿಗ್ ಇಬ್ಬರೂ ಸೇರಿ ನಾಲ್ವರು ಪ್ರಸಿದ್ಧರನ್ನು ಒಬ್ಬರಾದ ಮೇಲೊಬ್ಬರಂತೆ ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸಿದನು. ಪಂದ್ಯವನ್ನು ಗೆರಿಗ್‌ನ ಒಂದೇ ಹೊಡೆತದಿಂದ ಅಮೆರಿಕನ್ನರು ಗೆದ್ದರಾದರೂ, ಜಪಾನೀಯರ ಎದೆ ಉಬ್ಬಿತು. ಆ ಪ್ರವಾಸದ ಬೆನ್ನಲ್ಲೇ ಯೋಮಿಯುರಿ ಪತ್ರಿಕೆಯ ಒಡೆಯ ಶೋರಿಕಿ ಮತ್ಸುತಾರೊ ವೃತ್ತಿಪರ ತಂಡವೊಂದನ್ನು ಕಟ್ಟಿದನು. ಅದೇ ಇಂದಿನ ಯೋಮಿಯುರಿ ಜಯಂಟ್ಸ್. ೧೯೩೬ರಲ್ಲಿ ವೃತ್ತಿಪರ ಲೀಗ್ ಆರಂಭವಾಯಿತು.

ಆ ಮೊದಲ ತಂಡದಲ್ಲಿಯೇ ಒಬ್ಬ ಹೊರಗಿನವನಿದ್ದನು. ಅವನನ್ನು ಕಡಲಾಚೆಯಿಂದ ಕರೆತಂದಿರಲಿಲ್ಲ. ವಿಕ್ಟರ್ ಸ್ಟಾರ್ಫಿನ್ ರಷ್ಯದಲ್ಲಿ ೧೯೧೬ರಲ್ಲಿ ಹುಟ್ಟಿದವನು. ಕ್ರಾಂತಿಗೆ ಬೆದರಿ ಓಡಿಬಂದ ತಂದೆತಾಯಿಗಳೊಡನೆ ಜಪಾನಿನ ಉತ್ತರದ ಹೊಕ್ಕೈದೊ ದ್ವೀಪದ ಅಸಾಹಿಕಾವಾ ಊರಿನಲ್ಲಿ ಬೆಳೆದನು. ಆರಡಿಗೂ ಮೀರಿದ ಎತ್ತರ, ನೀಲಿ ಕಣ್ಣು, ನಾಲಗೆಯ ಮೇಲೆ ಅಚ್ಚ ಜಪಾನಿ. ಯಾವ ದೇಶದ ಪ್ರಜೆಯೂ ಅಲ್ಲದ ಆ ಕುಟುಂಬ ಎಂದಾದರೂ ನಾಡು ಬಿಡಬೇಕಾದೀತೆಂಬ ಭಯದಲ್ಲಿತ್ತು. ಆ ಭಯವನ್ನೇ ಹಿಡಿದು ಹುಡುಗನನ್ನು ತಂಡಕ್ಕೆ ಎಳೆದರೆಂದು ಈ ಆಟದ ಇತಿಹಾಸಕಾರರು ಬರೆದಿರುವುದುಂಟು. ಬಂದವನು ಮಾತ್ರ ಚೆಂಡೆಸೆತದಲ್ಲಿ ಅದ್ವಿತೀಯನಾದನು. ೧೯೩೯ರ ಒಂದೇ ಋತುವಿನಲ್ಲಿ ಆತನ ಹೆಸರಿಗೆ ೪೨ ಗೆಲುವುಗಳು ಸಂದವು. ೧೯೫೫ರಲ್ಲಿ ಆತನು ಜಪಾನಿನ ವೃತ್ತಿಪರ ಬೇಸ್‌ಬಾಲಿನಲ್ಲಿ ೩೦೦ ಗೆಲುವುಗಳನ್ನು ಮುಟ್ಟಿದ ಮೊದಲ ಎಸೆತಗಾರನಾದನು.

ಆದರೂ ಯುದ್ಧದ ವರ್ಷಗಳಲ್ಲಿ ಆತನ ಮುಖವೇ ಆತನಿಗೆ ಶತ್ರುವಾಯಿತು. ಪರಕೀಯ ಹೆಸರು ಸಲ್ಲದೆಂದು ಅವನನ್ನು ‘ಸುದಾ ಹಿರೋಶಿ’ ಎಂದು ಮರುನಾಮಕರಣ ಮಾಡಿದರು. ಕೊನೆಗೆ ಆಟದಿಂದ ದೂರ ಸರಿಸಿ ವಿದೇಶೀಯರನ್ನು ಕೂಡಿಟ್ಟಿದ್ದ ಊರಿಗೆ ಕಳುಹಿಸಿದರು. ೧೯೫೭ರ ಜನವರಿಯಲ್ಲಿ ಟೋಕಿಯೋದಲ್ಲಿ ಆತನ ಕಾರು ರೈಲಿಗೆ ಡಿಕ್ಕಿ ಹೊಡೆದು ಆತನು ತೀರಿಕೊಂಡನು. ಅಸಾಹಿಕಾವಾದ ಮೈದಾನ ಇಂದು ಸ್ಟಾರ್ಫಿನ್ ಹೆಸರನ್ನು ಹೊತ್ತಿದೆ. ಬದುಕಿದ್ದಾಗ ಹೆಸರನ್ನೇ ಕಿತ್ತುಕೊಂಡ ನಾಡು, ಸತ್ತ ಮೇಲೆ ಅದನ್ನು ಕಲ್ಲಿನಲ್ಲಿ ಕೆತ್ತಿಸಿತು.

ಮಣ್ಣು ಮೆತ್ತಿಕೊಂಡವನು

ಯುದ್ಧಾನಂತರ ಮೊದಲ ಅಮೆರಿಕನ್ ಆಟಗಾರನನ್ನು ಹುಡುಕುವ ಕೆಲಸ ಇನ್ನೂ ಸೂಕ್ಷ್ಮವಾದದ್ದು. ಅಮೆರಿಕನ್ ಸೇನೆ ಇನ್ನೂ ಜಪಾನಿನಲ್ಲಿ ಬೀಡುಬಿಟ್ಟಿದ್ದ ಕಾಲ. ಬಿಳಿಯನನ್ನು ತಂದರೆ ಜನ ಸಹಿಸುವರೋ ಇಲ್ಲವೋ? ಜಯಂಟ್ಸ್ ತಂಡದವರು ಮಧ್ಯದ ದಾರಿ ಹಿಡಿದರು. ಜಪಾನೀಯರ ಮಿತ್ರನೆನಿಸಿದ್ದ ಹಳೆಯ ಆಟಗಾರ ಲೆಫ್ಟಿ ಓಡೌಲ್‌ನ ಶಿಫಾರಸಿನ ಮೇಲೆ ೧೯೫೧ರಲ್ಲಿ ವಾಲಿ ಯೋನಮಿನೆಯನ್ನು ಕರೆತಂದರು. ಹವಾಯಿ ದ್ವೀಪಗಳಲ್ಲಿ ಜಪಾನಿ ವಂಶದಲ್ಲಿ ಹುಟ್ಟಿದವನು. ಅಮೆರಿಕನ್ ಫುಟ್‌ಬಾಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡಕ್ಕೆ ಆಡಿದವನು. ಜಪಾನಿ ಭಾಷೆ ಬಾರದವನು.

ಮುಖ ಜಪಾನಿಯದಾದರೂ ಆಟ ಅಮೆರಿಕನ್ನರದು. ನೆಲೆಯಿಂದ ನೆಲೆಗೆ ಓಡುವಾಗ ಆತನು ಎದುರಾಳಿಯ ಕಾಲಿಗೇ ಜಾರಿಬಿದ್ದು ಅವನನ್ನು ಉರುಳಿಸುತ್ತಿದ್ದನು. ಸೌಜನ್ಯವನ್ನೇ ಆಟದ ಪ್ರಾಣವೆಂದು ನಂಬಿದ್ದ ಪ್ರೇಕ್ಷಕರಿಗೆ ಇದು ಒರಟುತನವಾಗಿ ಕಂಡಿತು. ಬೈಗುಳ ಬಿತ್ತು, ಕಲ್ಲು ಬಿದ್ದದ್ದೂ ಉಂಟು. ಯೋನಮಿನೆ ಮಾತ್ರ ಆಟದಲ್ಲಿ ಬಿರುಸಾಗಿಯೂ ನಡತೆಯಲ್ಲಿ ವಿನಯದಿಂದಲೂ ಇದ್ದನು. ತಂಡದವರು ತಿಂದುದನ್ನು ತಿಂದನು, ಅವರು ಮಲಗಿದಲ್ಲಿ ಮಲಗಿದನು. ಮೂರು ಬಾರಿ, ೧೯೫೪, ೧೯೫೬ ಮತ್ತು ೧೯೫೭ರಲ್ಲಿ, ಲೀಗಿನ ಅಗ್ರ ದಾಂಡಿಗನಾದನು. ಕೆಲವೇ ವರ್ಷಗಳಲ್ಲಿ ಜಪಾನಿನ ಹುಡುಗರೆಲ್ಲ ಆತನಂತೆಯೇ ಅಂಗಿಗೆ ಮಣ್ಣು ಮೆತ್ತಿಕೊಂಡು ಜಾರತೊಡಗಿದರು. ಮುಂದೆ ಚೂನಿಚಿ ಡ್ರ್ಯಾಗನ್ಸ್ ತಂಡದ ನಿರ್ವಾಹಕನಾಗಿ ಆತನು ೧೯೭೪ರಲ್ಲಿ ಸೆಂಟ್ರಲ್ ಲೀಗಿನ ಪ್ರಶಸ್ತಿ ಗೆದ್ದಾಗ, ಒಂಬತ್ತು ವರ್ಷ ಸತತವಾಗಿ ನಡೆದಿದ್ದ ಜಯಂಟ್ಸ್ ತಂಡದ ಏಕಚಕ್ರಾಧಿಪತ್ಯ ಕೊನೆಗೊಂಡಿತು.

ಯೋನಮಿನೆಯ ಕಥೆ ಒಂದು ಪಾಠವನ್ನು ಕಲಿಸಬೇಕಾಗಿತ್ತು: ತರಬೇಕಾದದ್ದು ಹೆಸರನ್ನಲ್ಲ, ಮನುಷ್ಯನನ್ನು. ಆದರೆ ತಂಡಗಳ ಒಡೆಯರು ಅದನ್ನು ಅಷ್ಟು ಸುಲಭವಾಗಿ ಕಲಿಯಲಿಲ್ಲ.

ದೂರದ ಬೆಟ್ಟ ನುಣ್ಣಗೆ

೧೯೬೨ರಲ್ಲಿ ಚೂನಿಚಿ ತಂಡ ಲ್ಯಾರಿ ಡೋಬಿ, ಡಾನ್ ನ್ಯೂಕೂಂಬ್ ಎಂಬಿಬ್ಬರನ್ನು ಕರೆತಂದಿತು. ಅಮೆರಿಕನ್ ಲೀಗಿನಲ್ಲಿ ಆಡಿದ ಮೊದಲ ಕಪ್ಪು ಆಟಗಾರನೆಂಬ ಕೀರ್ತಿ ಡೋಬಿಯದು. ನ್ಯೂಕೂಂಬ್ ೧೯೫೬ರಲ್ಲಿ ಅಮೆರಿಕದ ಶ್ರೇಷ್ಠ ಎಸೆತಗಾರನೆನಿಸಿದವನು. ಇಬ್ಬರೂ ಬಂದಾಗ ಅವರ ಉಚ್ಛ್ರಾಯದ ಕಾಲ ಮುಗಿದಿತ್ತು. ನ್ಯೂಕೂಂಬ್‌ನಂಥ ಎಸೆತಗಾರನಿಗೆ ದಾಂಡು ಕೊಟ್ಟು ನಿಲ್ಲಿಸಬೇಕಾಯಿತು. ಆ ಇಬ್ಬರ ಹೆಸರು ನೋಡಲು ಬಂದ ಜನ ಆಟವನ್ನು ನೋಡಿ ಸುಮ್ಮನಾದರು. ಒಂದೇ ಋತು, ಇಬ್ಬರೂ ಹಿಂದಿರುಗಿದರು.

೧೯೭೩ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಹಳೆಯ ತಾರೆ ಜೋ ಪೆಪಿಟೋನ್ ಯಾಕುಲ್ಟ್ ತಂಡಕ್ಕೆ ಬಂದನು. ಆತನು ಆಡಿದ ಪಂದ್ಯಗಳು ೧೪. ಹೊಡೆದ ಹೋಂರನ್ ಒಂದು. ಚೆಂಡನ್ನು ಮೈದಾನದ ಎಲ್ಲೆಯಾಚೆಗೆ ಹಾರಿಸಿ ನಾಲ್ಕು ನೆಲೆಗಳನ್ನೂ ನಿರಾತಂಕವಾಗಿ ಸುತ್ತಿಬರುವ ಈ ಹೊಡೆತ ಕ್ರಿಕೆಟ್ಟಿನ ಸಿಕ್ಸರಿಗೆ ಸಮಾನ. ಅದಕ್ಕಾಗಿಯೇ ಕರೆತಂದವನು ಒಂದನ್ನು ಮಾತ್ರ ಹೊಡೆದು, ನೋವು ಎಂದು ಹೇಳಿ ಪಂದ್ಯಗಳನ್ನು ತಪ್ಪಿಸಿಕೊಂಡು, ಕೊನೆಗೆ ದೇಶವನ್ನೇ ಬಿಟ್ಟುಹೋದನು. ೧೯೯೭ರಲ್ಲಿ ಬಾಸ್ಟನ್ ತಂಡದ ಮೈಕ್ ಗ್ರೀನ್‌ವೆಲ್‌ನನ್ನು ಹನ್ಶಿನ್ ಟೈಗರ್ಸ್ ಭಾರಿ ಸಂಬಳಕ್ಕೆ ತಂದಿತು. ಏಳನೆಯ ಪಂದ್ಯದ ಹೊತ್ತಿಗೆ ತಾನೇ ಹೊಡೆದ ಚೆಂಡು ಕಾಲಿಗೆ ಬಡಿದು ಮೂಳೆ ಮುರಿಯಿತು. ಇದು ಆಟ ಬಿಡಬೇಕೆಂಬ ದೈವಸಂದೇಶವೆಂದು ಆತನು ನಿವೃತ್ತನಾದನು. ಹನ್ಶಿನ್ ಅಭಿಮಾನಿಗಳು ಆ ದೈವಕ್ಕೆ ಏನೆಂದರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಪ್ರಸಿದ್ಧರೆಲ್ಲ ಸೋತರೆಂದಲ್ಲ. ೧೯೮೭ರಲ್ಲಿ ಅಟ್ಲಾಂಟಾದಿಂದ ಬಂದ ಬಾಬ್ ಹಾರ್ನರ್ ಮೊದಲ ನಾಲ್ಕು ಪಂದ್ಯಗಳಲ್ಲಿ ಆರು ಹೋಂರನ್ ಹೊಡೆದು ನಾಡನ್ನೇ ಬೆರಗುಗೊಳಿಸಿದನು. ೯೩ ಪಂದ್ಯಗಳಲ್ಲಿ ೩೧ ಹೊಡೆದನು. ಯಾಕುಲ್ಟ್ ತಂಡ ಕೈಮುಗಿದು ಉಳಿಸಿಕೊಳ್ಳಲೆತ್ನಿಸಿದರೂ ಆತನು ನಿಲ್ಲಲಿಲ್ಲ. ಮರುವರ್ಷವೇ ಅಮೆರಿಕಕ್ಕೆ ಮರಳಿದನು. ಬೆಟ್ಟ ಹತ್ತಿರ ಬಂದರೂ ಅಲ್ಲೇ ನಿಲ್ಲುತ್ತದೆಂಬ ಭರವಸೆ ಇಲ್ಲ.

ಎರಡರ ನಡುವಿನವರು

ಹಾಗಾದರೆ ಗೆದ್ದವರು ಯಾರು? ಪಟ್ಟಿಯನ್ನು ಬಿಡಿಸಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಜಪಾನಿನಲ್ಲಿ ದೇವರಂತೆ ಪೂಜಿತರಾದವರಲ್ಲಿ ಹೆಚ್ಚಿನವರು ಸ್ವದೇಶದಲ್ಲಿ ಯಾರಿಗೂ ಬೇಡವಾಗಿದ್ದವರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಅಮೆರಿಕಕ್ಕೂ ಸಲ್ಲುತ್ತದೆ.

ಚಾರ್ಲಿ ಮ್ಯಾನ್ಯುಯೆಲ್ ಅಮೆರಿಕದ ಮುಖ್ಯ ಲೀಗುಗಳಲ್ಲಿ ಒಟ್ಟು ಹೊಡೆದ ಹೋಂರನ್ ನಾಲ್ಕು. ಜಪಾನಿನಲ್ಲಿ ಆತನು ೧೯೭೮ರಲ್ಲಿ ಯಾಕುಲ್ಟ್ ತಂಡ ರಾಷ್ಟ್ರ ಪ್ರಶಸ್ತಿ ಗೆಲ್ಲಲು ನೆರವಾದನು. ಚೆಂಡು ಹಿಡಿಯಲು ಬಾರದವನೆಂದು ಅವರು ಬಿಟ್ಟುಕೊಟ್ಟಾಗ ಕಿನ್ತೆತ್ಸು ತಂಡ ಎತ್ತಿಕೊಂಡಿತು. ಹಿಡಿಯದೆ ಹೊಡೆಯುವುದಕ್ಕಷ್ಟೇ ಒಬ್ಬನನ್ನು ನಿಲ್ಲಿಸುವ ನಿಯಮ ಆ ತಂಡವಿದ್ದ ಪೆಸಿಫಿಕ್ ಲೀಗಿನಲ್ಲಿತ್ತು. ೧೯೭೯ರಲ್ಲಿ ಎಸೆದ ಚೆಂಡು ಬಡಿದು ಆತನ ದವಡೆ ಮುರಿಯಿತು. ಮುಖಕ್ಕೆ ಕಬ್ಬಿಣದ ಕಾಪು ಕಟ್ಟಿಕೊಂಡು ಮರಳಿ ಬಂದು ಆ ವರ್ಷ ೩೭ ಹೋಂರನ್ ಹೊಡೆದನು. ಕಿನ್ತೆತ್ಸು ಮೊದಲ ಬಾರಿಗೆ ಲೀಗ್ ಗೆದ್ದಿತು.

ರ‍್ಯಾಂಡಿ ಬ್ಯಾಸ್‌ನದು ಇನ್ನೂ ದೊಡ್ಡ ಕಥೆ. ಅಮೆರಿಕದಲ್ಲಿ ಐದು ತಂಡಗಳು ಅವನನ್ನು ಪರೀಕ್ಷಿಸಿ ಬಿಟ್ಟಿದ್ದವು. ಅಲ್ಲಿ ಒಟ್ಟು ಒಂಬತ್ತು ಹೋಂರನ್. ೧೯೮೩ರಲ್ಲಿ ಹನ್ಶಿನ್ ಟೈಗರ್ಸ್ ಸೇರಿದನು. ಆ ತಂಡದ ಕೋಶಿಯೆನ್ ಮೈದಾನ ಕಡಲ ಸಮೀಪದ್ದು. ಅಲ್ಲಿ ಬಲದಿಂದ ಎಡಕ್ಕೆ ಬೀಸುವ ಕಡಲ ಗಾಳಿ ಎಡಗೈ ದಾಂಡಿಗನ ಸಹಜ ಹೊಡೆತಗಳನ್ನು ತಡೆದು ನೆಲಕ್ಕೆ ಕೆಡವುತ್ತದೆ. ಬ್ಯಾಸ್ ಎಡಗೈಯವನೇ. ಆತನು ಗಾಳಿಯನ್ನು ಬೈಯುತ್ತ ಕೂಡದೆ, ಗಾಳಿ ಬೀಸುವ ಕಡೆಗೇ ಚೆಂಡನ್ನು ಎತ್ತಿ ಹೊಡೆಯಲು ಕಲಿತನು. ೧೯೮೫ರಲ್ಲಿ ೫೪ ಹೋಂರನ್. ೧೯೮೬ರಲ್ಲಿ ಸಾವಿರ ಸರದಿಗೆ ೩೮೯ ಯಶಸ್ವೀ ಹೊಡೆತಗಳ ಲೆಕ್ಕ; ಜಪಾನಿನಲ್ಲಿ ಒಂದು ಋತುವಿನ ಮಟ್ಟಿಗೆ ಅದನ್ನು ಮೀರಿದವರಿಲ್ಲ. ಎರಡು ವರ್ಷವೂ ಸರಾಸರಿ, ಹೋಂರನ್, ಗಳಿಸಿಕೊಟ್ಟ ಓಟ—ಈ ಮೂರರಲ್ಲಿಯೂ ಅವನೇ ಮೊದಲಿಗ.

೧೯೮೫ರ ಅಕ್ಟೋಬರ್ ೧೬ರ ರಾತ್ರಿ ಹನ್ಶಿನ್ ಲೀಗ್ ಗೆದ್ದಾಗ ಒಸಾಕಾದ ದೋತೊನ್‌ಬೊರಿ ಕಾಲುವೆಯ ಸೇತುವೆಯ ಮೇಲೆ ಜನಸಾಗರ ನೆರೆಯಿತು. ಒಬ್ಬೊಬ್ಬ ಆಟಗಾರನ ಹೆಸರು ಕೂಗಿದಂತೆ, ಅವನನ್ನು ಹೋಲುವ ಅಭಿಮಾನಿಯೊಬ್ಬನು ಕಾಲುವೆಗೆ ಹಾರಿದನು. ಬ್ಯಾಸ್‌ನ ಸರದಿ ಬಂದಾಗ ಅಂಥ ಗಡ್ಡದ ಬಿಳಿಯ ಸಿಕ್ಕಲಿಲ್ಲ. ಹತ್ತಿರದ ಕೆಂಟಕಿ ಕೋಳಿಯೂಟದ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಕರ್ನಲ್ ಸ್ಯಾಂಡರ್ಸ್‌ನ ಗೊಂಬೆಯನ್ನೇ ಹೊತ್ತುತಂದು ನೀರಿಗೆ ಎಸೆದರು. ಆ ವರ್ಷ ಟೈಗರ್ಸ್ ರಾಷ್ಟ್ರ ಪ್ರಶಸ್ತಿಯನ್ನೂ ಗೆದ್ದಿತು. ಬಳಿಕ ವರ್ಷಗಳು ಉರುಳಿದರೂ ಆ ಗೆಲುವು ಮರುಕಳಿಸಲಿಲ್ಲ. ಇದು ಕರ್ನಲ್‌ನ ಶಾಪವೆಂದರು. ೨೦೦೯ರಲ್ಲಿ ಗೊಂಬೆ ಕೆಸರಿನಿಂದ ಮೇಲೆ ಬಂದಿತು. ಪ್ರಶಸ್ತಿ ಮಾತ್ರ ೨೦೨೩ರ ತನಕ ಕಾಯಿಸಿತು.

ಇದೇ ಸಾಲಿಗೆ ಸೇರಿದವನು ವೆನೆಜುವೆಲಾದ ಅಲೆಕ್ಸ್ ರಾಮಿರೆಸ್. ಅಮೆರಿಕದ ಮುಖ್ಯ ಲೀಗುಗಳಲ್ಲಿ ೧೩೫ ಪಂದ್ಯಗಳಷ್ಟೇ ಆಡಿ ೨೦೦೧ರಲ್ಲಿ ಯಾಕುಲ್ಟ್ ಸೇರಿದ ಆತನು, ಎಸೆಯುವವನಿಗಿಂತ ಹೆಚ್ಚಾಗಿ ಎಸೆತಗಳನ್ನು ಬೇಡುವ ಹಿಂಗಾವಲಿನವನ ಮನಸ್ಸನ್ನು ಓದಬೇಕೆಂದು ಕಂಡುಕೊಂಡನು. ೨೦೧೩ರಲ್ಲಿ ಆತನ ಯಶಸ್ವೀ ಹೊಡೆತಗಳು ಎರಡು ಸಾವಿರ ಮುಟ್ಟಿದವು. ಸುಕೆತ್ತೊ ಆಗಿ ಬಂದವರಲ್ಲಿ ಅಲ್ಲಿಯವರೆಗೆ ಯಾರೂ ಆ ಮೆಟ್ಟಿಲನ್ನು ಹತ್ತಿರಲಿಲ್ಲ. ಮುಂದೆ ಆತನು ಯೊಕೊಹಾಮಾ ತಂಡದ ನಿರ್ವಾಹಕನಾದನು, ಜಪಾನಿನ ಪೌರತ್ವವನ್ನೂ ಪಡೆದನು.

ಹುಡುಕುವವರ ಕಣ್ಣು

ಇಂಥವರನ್ನು ಹುಡುಕಲು ತಂಡಗಳ ಪ್ರತಿನಿಧಿಗಳು ಬೇಸಗೆಯುದ್ದಕ್ಕೂ ಅಮೆರಿಕದ ಸಣ್ಣ ಊರುಗಳ ಮೈದಾನಗಳಲ್ಲಿ ಕೂಡುತ್ತಾರೆ. ಅವರಲ್ಲಿ ಹಲವರು ಹಿಂದೆ ಜಪಾನಿನಲ್ಲಿ ಆಡಿ ಬಂದವರೇ. ಮುಖ್ಯ ಲೀಗಿಗೆ ಒಂದು ಮೆಟ್ಟಿಲು ಕೆಳಗಿನ ತಂಡಗಳೇ ಅವರ ಸಂತೆ. ಕೆಳಗಿನ ಮೆಟ್ಟಿಲಿಗೆ ದೊಡ್ಡವನು, ಮೇಲಿನ ಮೆಟ್ಟಿಲಿಗೆ ಸಣ್ಣವನು. ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ. ಮದುವೆಯಾಗಿದೆ, ಮಗುವಿದೆ, ಸಂಬಳ ಸಾಲದು. ಇಂಥವನಿಗೆ ಜಪಾನಿನ ಕರೆ ಬಾಳಿನ ಎರಡನೆಯ ಬಾಗಿಲು. ಆತನು ಅಮೆರಿಕನ್ ತಂಡವೊಂದರ ಹಕ್ಕಿನಲ್ಲಿದ್ದರೆ ಆ ತಂಡಕ್ಕೂ ಹಣ ಸಲ್ಲಿಸಿ ಬಿಡಿಸಿಕೊಳ್ಳಬೇಕು. ಕರಾರು ಸಾಮಾನ್ಯವಾಗಿ ಒಂದು ವರ್ಷದ್ದು. ಫೆಬ್ರುವರಿ ೧ಕ್ಕೆ ತರಬೇತಿ ಶಿಬಿರ ಆರಂಭ. ಬೆಳಗಿನಿಂದ ಸಂಜೆಯವರೆಗೆ ಅಭ್ಯಾಸ.

ಇಂದು ಚೆಂಡಿನ ವೇಗ, ಅದರ ತಿರುಗು, ದಾಂಡಿನಿಂದ ಸಿಡಿಯುವ ಕೋನ ಎಲ್ಲವನ್ನೂ ಯಂತ್ರಗಳು ಅಳೆದು ಕೊಡುತ್ತವೆ. ಜಾತಕ ಹಿಂದೆಂದಿಗಿಂತ ಸ್ಪಷ್ಟ. ಆದರೂ ಯಂತ್ರ ಅಳೆಯಲಾರದ ಸಂಗತಿಗಳೇ ಹೆಚ್ಚು ಬಾರಿ ಫಲವನ್ನು ನಿರ್ಧರಿಸುತ್ತವೆ. ಜಪಾನಿನ ಎಸೆತಗಾರರು ನೇರ ವೇಗಕ್ಕಿಂತ ಬಾಗುವ, ಮುಳುಗುವ ಚೆಂಡುಗಳನ್ನು ಹೆಚ್ಚಾಗಿ ಹಾಕುತ್ತಾರೆ. ಅವನ್ನು ಬಿಟ್ಟುಬಿಡುವ ತಾಳ್ಮೆ ಇದೆಯೆ? ಏಪ್ರಿಲ್‌ನಲ್ಲಿ ಹೊಡೆತ ಬೀಳದೆ ತರಬೇತುಗಾರ ನಿಲುವನ್ನು ತಿದ್ದಲು ಬಂದಾಗ ಸಿಡುಕುವನೋ, ಕಿವಿಗೊಡುವನೋ? ಭಾಷೆ ಬಾರದ ಊರಿನಲ್ಲಿ ಹೆಂಡತಿಗೆ ದಿನ ಹೇಗೆ ಕಳೆದೀತು? ಮಗುವಿಗೆ ಜ್ವರ ಬಂದರೆ ವೈದ್ಯನಿಗೆ ಹೇಳುವವರಾರು?

ಕೊನೆಯ ಈ ಪ್ರಶ್ನೆ ಹಾಸ್ಯದ್ದಲ್ಲ. ೧೯೮೮ರಲ್ಲಿ ಬ್ಯಾಸ್‌ನ ಮಗನಿಗೆ ಮಿದುಳಿಗೆ ಸಂಬಂಧಿಸಿದ ಗಂಭೀರ ರೋಗ ಕಾಣಿಸಿಕೊಂಡಿತು. ಋತುವಿನ ನಡುವೆ ಆತನು ಮಗನನ್ನು ಕರೆದುಕೊಂಡು ಅಮೆರಿಕಕ್ಕೆ ಹೋದನು. ರಜೆಯ ಅವಧಿ, ಚಿಕಿತ್ಸೆಯ ವೆಚ್ಚ, ಇವುಗಳ ವಿಷಯದಲ್ಲಿ ವಿವಾದ ಬೆಳೆದು, ಬೇಸಗೆಯಲ್ಲಿ ತಂಡ ಅವನನ್ನು ಕೈಬಿಟ್ಟಿತು. ಸಂಧಾನದ ಹೊಣೆ ಹೊತ್ತಿದ್ದ ತಂಡದ ಅಧಿಕಾರಿ ಆ ಜುಲೈನಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಮೂರೇ ವರ್ಷಗಳ ಹಿಂದೆ ಕಾಲುವೆಯ ದಂಡೆಯಲ್ಲಿ ಕುಣಿದಿದ್ದ ಊರು ಅದು. ಗೆಲುವಿನ ದಿನ ಯಾರೂ ಓದದ ಕರಾರುಪತ್ರವನ್ನು ಮಗುವಿನ ಹಾಸಿಗೆಯ ಪಕ್ಕದಲ್ಲಿ ಓದಬೇಕಾಗಿ ಬಂದಿತು.

ಹಿರೋಶಿಮಾದ ಕಾರ್ಪ್ ತಂಡ ಬೇರೊಂದು ದಾರಿ ಹಿಡಿಯಿತು. ಸಿರಿವಂತ ತಂಡಗಳಂತೆ ಸಿದ್ಧಪಡಿಸಿದ ಆಟಗಾರರನ್ನು ಕೊಳ್ಳಲು ಹಣವಿಲ್ಲದೆ, ೧೯೯೦ರಲ್ಲಿ ಕೆರಿಬಿಯನ್ ಕಡಲಿನ ಡೊಮಿನಿಕನ್ ಗಣರಾಜ್ಯದಲ್ಲಿ ತರಬೇತಿ ಶಾಲೆಯೊಂದನ್ನು ತೆರೆದು, ಬಡ ಹುಡುಗರನ್ನು ಸಸಿಯಾಗಿರುವಾಗಲೇ ಸಾಕತೊಡಗಿತು. ಅಲ್ಲಿ ಬೆಳೆದ ಅಲ್ಫೊನ್ಸೊ ಸೊರಿಯಾನೊ ಸಂಬಳದ ವಿಷಯದಲ್ಲಿ ತಂಡದೊಡನೆ ಜಗಳವಾಡಿ ಅಮೆರಿಕಕ್ಕೆ ಹೋಗಿ ಅಲ್ಲಿ ೪೧೨ ಹೋಂರನ್ ಹೊಡೆದನು. ನೀರೆರೆದವನಿಗೇ ಹಣ್ಣು ಸಿಗುವುದೆಂಬ ನಿಯಮವೇನೂ ಇಲ್ಲ. ಶಾಲೆಯನ್ನು ಮಾತ್ರ ಕಾರ್ಪ್ ಮುಚ್ಚಲಿಲ್ಲ.

ಗೆಲ್ಲಿಸಲಿ, ಮೀರದಿರಲಿ

ಚರ್ಚೆಯಲ್ಲಿ ಅಭಿಮಾನಿಗಳು ದನಿ ತಗ್ಗಿಸುವ ಒಂದು ಪ್ರಸಂಗವುಂಟು. ನೆರವಿಗೆ ಬಂದವನು ಗೆಲ್ಲಿಸಿದರೆ ಜಯಕಾರ. ಆದರೆ ಮನೆಯವರ ದಾಖಲೆಯನ್ನೇ ಮೀರಹೊರಟರೆ?

ಬೇಸ್‌ಬಾಲಿನಲ್ಲಿ ದಾಂಡಿಗನಿಗೆ ಎಟುಕದಂತೆ ನಾಲ್ಕು ಬಾರಿ ಚೆಂಡೆಸೆದರೆ ಆತನು ಹೊಡೆಯದೆಯೇ ಮೊದಲನೆಯ ನೆಲೆಗೆ ನಡೆದುಹೋಗುತ್ತಾನೆ. ನಿಯಮದ ಪ್ರಕಾರ ತಪ್ಪಿಲ್ಲ. ಹೊಡೆಯುವ ಅವಕಾಶವನ್ನೇ ಕಸಿಯುವ ಉಪಾಯ. ೧೯೬೫ರಲ್ಲಿ ಹಾನ್‌ಕ್ಯೂ ಬ್ರೇವ್ಸ್ ತಂಡದ ಡ್ಯಾರಿಲ್ ಸ್ಪೆನ್ಸರ್, ಜಪಾನಿನ ನೊಮುರಾ ಕತ್ಸುಯಾನೊಡನೆ ಹೋಂರನ್ ಪೈಪೋಟಿಯಲ್ಲಿದ್ದಾಗ, ಎದುರಾಳಿಗಳು ಅವನಿಗೆ ಹೀಗೆಯೇ ಎಸೆಯತೊಡಗಿದರು. ರೋಸಿಹೋದ ಸ್ಪೆನ್ಸರ್ ದಾಂಡನ್ನು ತಲೆಕೆಳಗಾಗಿ ಹಿಡಿದು ನಿಂತನು. ಆಗಲೂ ಚೆಂಡು ಎಟುಕದ ಕಡೆಗೇ ಬಂದಿತು.

೧೯೬೪ರಲ್ಲಿ ಜಯಂಟ್ಸ್‌ನ ಓ ಸದಾಹರು ಒಂದು ಋತುವಿನಲ್ಲಿ ೫೫ ಹೋಂರನ್ ಹೊಡೆದ ದಾಖಲೆ ಸ್ಥಾಪಿಸಿದ್ದನು. ೧೯೮೫ರಲ್ಲಿ ಬ್ಯಾಸ್ ೫೪ಕ್ಕೆ ಬಂದಾಗ ಕೊನೆಯ ಪಂದ್ಯ ಜಯಂಟ್ಸ್ ಜೊತೆಗೆ. ಅದರ ನಿರ್ವಾಹಕನು ಸ್ವತಃ ಓ. ಬ್ಯಾಸ್‌ಗೆ ಐದು ಸರದಿಗಳಲ್ಲಿ ನಾಲ್ಕು ಬಾರಿ ನಡಿಗೆಯೇ ಗತಿಯಾಯಿತು. ೨೦೦೧ರಲ್ಲಿ ಕಿನ್ತೆತ್ಸುವಿನ ಟಫಿ ರೋಡ್ಸ್ ೫೫ ಮುಟ್ಟಿದನು. ಓ ಆಗ ನಡೆಸುತ್ತಿದ್ದ ದಾಯೆಯ್ ಹಾಕ್ಸ್ ತಂಡದವರು ಅವನಿಗೆ ಹೊಡೆಯಬಲ್ಲ ಚೆಂಡನ್ನೇ ಕೊಡಲಿಲ್ಲ. ೨೦೦೨ರಲ್ಲಿ ಸೆಯ್‌ಬು ತಂಡದ ಅಲೆಕ್ಸ್ ಕಾಬ್ರೆರಾ ಕೂಡ ಅದೇ ೫೫ರಲ್ಲಿ ನಿಂತನು.

ಇದರಲ್ಲಿ ಅಡಗಿರುವ ವಿಪರ್ಯಾಸವನ್ನು ಜಪಾನೀಯರೇ ಬಲ್ಲರು. ಓ ಹುಟ್ಟಿದ್ದು ಟೋಕಿಯೋದಲ್ಲಾದರೂ ಆತನ ತಂದೆ ಚೀನೀಯನು. ಓ ಜಪಾನಿನ ಪೌರನಲ್ಲ. ೧೯೫೭ರಲ್ಲಿ, ತನ್ನ ಎಸೆತದ ಬಲದಿಂದ ಶಾಲೆಗೆ ಕೀರ್ತಿ ತಂದ ಹುಡುಗನಾಗಿದ್ದಾಗ, ಪೌರತ್ವವಿಲ್ಲವೆಂಬ ಕಾರಣಕ್ಕೆ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಆಡಲು ಅವನಿಗೇ ಅವಕಾಶ ದೊರೆಯಲಿಲ್ಲ. ಹೊರಗಿನವನೆನಿಸಿಕೊಂಡ ಹುಡುಗನ ದಾಖಲೆಯನ್ನು ಹೊರಗಿನವರಿಂದ ಕಾಪಾಡಲು ಇಷ್ಟೆಲ್ಲ ನಡೆಯಿತು. ಆತನು ಹಾಗೆ ಅಪ್ಪಣೆ ಕೊಟ್ಟನೆಂದು ಹೇಳುವಂತಿಲ್ಲ. ಬೇಡವೆಂದು ತಡೆಯಲೂ ಇಲ್ಲ. ಅಭಿಮಾನಿಗಳಲ್ಲಿ ಅನೇಕರಿಗೆ ಆ ಮೌನ ಹಿಡಿಸಲಿಲ್ಲ. ಹಣ ತೆತ್ತು ಪಂದ್ಯ ನೋಡಲು ಬಂದವನಿಗೆ ಬೇಕಾದದ್ದು ಹೋರಾಟ. ದಾಖಲೆಯ ಸುತ್ತ ಕಟ್ಟಿದ ಬೇ­ಲಿಯಲ್ಲ.

ಬೇಲಿ ಮುರಿದದ್ದು ೨೦೧೩ರ ಸೆಪ್ಟೆಂಬರ್ ೧೫ರಂದು. ಕೆರಿಬಿಯನ್ನಿನ ಕ್ಯುರಸಾವೊ ಎಂಬ ಪುಟ್ಟ ದ್ವೀಪದಿಂದ ಬಂದ ವ್ಲಾಡಿಮಿರ್ ಬಾಲೆಂಟಿಯೆನ್ ಯಾಕುಲ್ಟ್ ತಂಡದ ಪರವಾಗಿ ಟೋಕಿಯೋದ ಜಿಂಗು ಮೈದಾನದಲ್ಲಿ ೫೬ನೆಯ ಹೋಂರನ್ ಹೊಡೆದನು. ಋತುವಿನ ಕೊನೆಗೆ ಅದು ೬೦ ಆಯಿತು. ಆ ದಿನ ಹನ್ಶಿನ್‌ನ ಎಸೆತಗಾರ ಅವನಿಂದ ತಪ್ಪಿಸಿಕೊಳ್ಳಲಿಲ್ಲ. ಜನ ಎದ್ದು ನಿಂತು ಕರತಾಡನ ಮಾಡಿದರು. ನಾಡಿಗೆ ಯಾವ ಅಪಕೀರ್ತಿಯೂ ಬರಲಿಲ್ಲ. ೨೦೨೨ರಲ್ಲಿ ಅದೇ ಯಾಕುಲ್ಟ್ ತಂಡದ ಜಪಾನಿ ತರುಣ ಮುರಾಕಾಮಿ ಮುನೆತಾಕಾ ೫೬ ಹೊಡೆದಾಗ, ಮುಂದೆ ದಾಟಬೇಕಾದ ಗುರಿಯೊಂದು ಕಣ್ಣೆದುರಿಗಿತ್ತು. ದಾಖಲೆಗೆ ಬೇಲಿ ಹಾಕಿದ್ದರೆ ಆ ಗುರಿಯೂ ಇರುತ್ತಿರಲಿಲ್ಲ.

ಉಳಿದುಕೊಂಡವನು

ನೆರವಿಗೆ ಬಂದವರಲ್ಲಿ ಹೆಚ್ಚಿನವರು ಒಂದೆರಡು ವರ್ಷಗಳಲ್ಲಿ ಹಿಂದಿರುಗುತ್ತಾರೆ. ಆದರೆ ರಾಬರ್ಟೊ ಬಾರ್ಬೋನ್ ಎಂಬ ಕ್ಯೂಬಾದ ತರುಣ ೧೯೫೫ರಲ್ಲಿ ಹಾನ್‌ಕ್ಯೂ ಬ್ರೇವ್ಸ್ ಸೇರಲು ಬಂದವನು ಹಿಂದಿರುಗಲಿಲ್ಲ. ೧೯೫೮ರಿಂದ ೧೯೬೦ರವರೆಗೆ ಮೂರು ವರ್ಷ ನೆಲೆ ಕದಿಯುವ ಓಟದಲ್ಲಿ ಆತನೇ ಲೀಗಿಗೆ ಮೊದಲಿಗ. ಅಷ್ಟರಲ್ಲಿ ಅವನ ನಾಡಿನಲ್ಲಿ ಕ್ರಾಂತಿಯಾಗಿ ಮನೆಗೆ ಹೋಗುವ ದಾರಿ ಮುಚ್ಚಿತು. ಆಟ ನಿಲ್ಲಿಸಿದ ಮೇಲೆ ಆತನು ಅದೇ ತಂಡದಲ್ಲಿ ದುಭಾಷಿಯಾದನು. ಹೊಸದಾಗಿ ಬಂದ ಅಮೆರಿಕನ್ನರ ಸಿಟ್ಟನ್ನು ಒಸಾಕಾ ಸೀಮೆಯ ಆಡುಮಾತಿಗೆ ತಿರುಗಿಸಿ, ಜಪಾನೀಯರ ಸಂಕೋಚವನ್ನು ಅಮೆರಿಕನ್ನರಿಗೆ ತಿಳಿಯುವಂತೆ ಹೇಳಿ, ಎಷ್ಟೋ ಜಗಳಗಳನ್ನು ಹುಟ್ಟುವ ಮೊದಲೇ ಕರಗಿಸಿದನು. ಜಪಾನಿನಲ್ಲಿಯೇ ಬಾಳಿ ೨೦೨೩ರಲ್ಲಿ ತೀರಿಕೊಂಡನು. ಅದೇ ವರ್ಷದ ಆರಂಭದಲ್ಲಿ ಜಪಾನಿನ ಬೇಸ್‌ಬಾಲ್ ಕೀರ್ತಿಮಂದಿರಕ್ಕೆ ಆಯ್ಕೆಯಾದವರಲ್ಲಿ ರ‍್ಯಾಂಡಿ ಬ್ಯಾಸ್ ಮತ್ತು ಅಲೆಕ್ಸ್ ರಾಮಿರೆಸ್ ಇಬ್ಬರೂ ಇದ್ದರು.

ಎಂಟು ಋತು ಜಪಾನಿನಲ್ಲಿ ಪೂರೈಸಿದ ಆಟಗಾರನನ್ನು ಲೀಗಿನ ನಿಯಮ ವಿದೇಶೀಯರ ಲೆಕ್ಕದಿಂದ ತೆಗೆದು ಸ್ವದೇಶೀಯರ ಸಾಲಿಗೆ ಸೇರಿಸುತ್ತದೆ. ರಾಮಿರೆಸ್ ಹಾಗೆ ಸೇರಿದವನೇ. ನಿಯಮಕ್ಕೆ ಎಂಟು ವರ್ಷ ಬೇಕು. ಜನರ ಮನಸ್ಸಿಗೆ ಎಷ್ಟು ಬೇಕೆಂಬುದು ಮಾತ್ರ ಪ್ರತಿಯೊಬ್ಬನ ವಿಷಯದಲ್ಲಿಯೂ ಬೇರೆ. ಈ ಚಳಿಗಾಲದಲ್ಲಿಯೂ ಒಸಾಕಾದ ಉಪಾಹಾರಗೃಹಗಳಲ್ಲಿ ಹೊಸ ಹೆಸರುಗಳ ಪಟ್ಟಿ ಸಿದ್ಧವಾಗುತ್ತದೆ; ಒಬ್ಬನ ವೇಗ, ಇನ್ನೊಬ್ಬನ ತೋಳು, ಮತ್ತೊಬ್ಬನ ವಯಸ್ಸು. ಬಲ್ಲ ಹಿರಿಯ ಅಭಿಮಾನಿ ಇದೆಲ್ಲವನ್ನೂ ಕೇಳಿ ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾನೆ: ಏಪ್ರಿಲ್‌ನಲ್ಲಿ ಆತನು ಸತತವಾಗಿ ಸೋತಾಗ ನಾವು ಎಷ್ಟು ದಿನ ತಾಳಿಕೊಂಡೇವು? ಬರುವವನ ಅಳತೆಯ ಜೊತೆಗೆ ಬರಮಾಡಿಕೊಳ್ಳುವವರ ಅಳತೆಯೂ ಆ ಪಟ್ಟಿಯಲ್ಲಿ ಸೇರಬೇಕು.